ಒಂದರ ಮೇಲೊಂದು

ಡ್ರೈಯರ್ ಮೂರು ಬೆರಳಿನಷ್ಟು ಮುಂದೆ ಬಂದಿತ್ತು.

ಮೊದಲು ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಒಗೆದ ಬಟ್ಟೆ ತೆಗೆಯಲು ಬಗ್ಗಿದ್ದೆ. ಏಳುವಾಗ ತಲೆಗೆ ಏನೋ ಬಡಿಯಿತು. ಎರಡು ತಿಂಗಳಿಂದ ಅದೇ ಜಾಗದಲ್ಲಿ ಬಗ್ಗಿ ಏಳುತ್ತಿದ್ದೆ, ಒಂದು ದಿನವೂ ಏನೂ ತಾಗಿರಲಿಲ್ಲ. ತಲೆ ಸವರಿಕೊಂಡು ಮೇಲೆ ನೋಡಿದೆ. ವಾಷಿಂಗ್ ಮಷಿನ್ ಮೇಲಿದ್ದ, ಬಟ್ಟೆ ಒಣಗಿಸುವ ಡ್ರೈಯರ್ ಹೊರಗೆ ಚಾಚಿಕೊಂಡಿತ್ತು. ಅದರ ಮುಂದಿನ ಎರಡೂ ಕಾಲು ಅಂಚಿಗೇ ಬಂದು ನಿಂತಿದ್ದವು. ಇನ್ನೊಂದು ಬೆರಳು ಜರುಗಿದ್ದರೆ ಆ ಕಾಲುಗಳಿಗೆ ಕೆಳಗೆ ಏನೂ ಇರುತ್ತಿರಲಿಲ್ಲ.

ಹಿಂದಿನ ರಾತ್ರಿ ದಪ್ಪನೆಯ ಒಂದು ಕಾಲೊರಸನ್ನು ಮಾತ್ರ ಹಾಕಿ ಒಗೆದಿದ್ದೆ. ನೀರು ಹಿಂಡುವ ಹೊತ್ತಿಗೆ ಮಷಿನ್ ದಡಬಡ ಅಂದಿದ್ದು ಒಳಗಿನ ಕೋಣೆಗೂ ಕೇಳಿತ್ತು. ಸ್ವಲ್ಪ ಸದ್ದು ಯಾವಾಗಲೂ ಇರುತ್ತದಲ್ಲ ಅಂತ ಏಳದೆ ಸುಮ್ಮನಿದ್ದೆ. ಬೆಳಿಗ್ಗೆ ಆ ಕಾಲುಗಳನ್ನು ನೋಡುತ್ತಾ ನಿಂತಾಗ ನನ್ನ ತಲೆಗೆ ಬಂದದ್ದು ಒಂದೇ ವಿಷಯ. ಮಗಳಿಗೆ ಆಗ ಐದು ವರ್ಷ. ಬಟ್ಟೆ ತಿರುಗುವುದನ್ನು ನೋಡುವುದು ಅವಳಿಗೆ ದಿನದ ಆಟ. ಆ ಗುಂಡು ಗಾಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಅಮ್ಮಾ, ನನ್ನ ಕೆಂಪು ಫ್ರಾಕ್ ಬಂತು, ಹೋಯ್ತು, ಮತ್ತೆ ಬಂತು" ಅಂತ ಎಣಿಸುತ್ತಿದ್ದಳು. ಆ ರಾತ್ರಿ ಅವಳಿಗೆ ಬೇಗ ನಿದ್ದೆ ಬಂದಿತ್ತು, ಅಷ್ಟೇ.

ಕೈಕಾಲು ತಣ್ಣಗಾದವು. ಡ್ರೈಯರನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಎರಡೂ ಪ್ಲಗ್ ಕಿತ್ತು, ಆ ಮೂಲೆಗೆ ಅಡ್ಡವಾಗಿ ಒಂದು ಕುರ್ಚಿ ಇಟ್ಟೆ. ಸಂಜೆ ಇಬ್ಬರು ಬಂದು ಅದನ್ನು ಕೆಳಗೆ ಇಳಿಸುವವರೆಗೂ ನನಗೆ ಬೇರೆ ಕೆಲಸದ ಮೇಲೆ ಮನಸ್ಸು ಹೋಗಲಿಲ್ಲ.

ನಮ್ಮದು ಚಿಕ್ಕ ಮನೆ. ಬಚ್ಚಲಿನ ಪಕ್ಕದಲ್ಲಿ 70 ಸೆಂ.ಮೀ. ಅಗಲದ ಒಂದು ಮೂಲೆ ಇದೆ. ಎರಡು ಮಷಿನ್ ಅಕ್ಕಪಕ್ಕ ಇಡುವ ಮಾತೇ ಇಲ್ಲ. ಮಳೆ, ಚಳಿ ಬಂದರೆ ಬಟ್ಟೆ ಒಣಗುವುದಿಲ್ಲ, ಮನೆ ತುಂಬಾ ಹಸಿ ವಾಸನೆ. ಹಾಗಾಗಿ ಮೇಲೆ ಇಡುವುದೇ ದಾರಿ ಅಂತ ತೀರ್ಮಾನಿಸಿದ್ದೆವು. ಡ್ರೈಯರ್ ತಂದು ಇಟ್ಟವರು ಎರಡರ ನಡುವೆ ಒಂದು ರಬ್ಬರ್ ಹಾಸು ಹಾಕಿ, "ಭಾರಕ್ಕೆ ಕೂತಿರತ್ತೆ ಮೇಡಂ, ಎಲ್ಲೂ ಹೋಗಲ್ಲ" ಅಂದಿದ್ದರು. ಕೇಳಲು ಸರಿಯಾಗಿಯೇ ಇತ್ತು. ಐವತ್ತು ಕೆ.ಜಿ. ವಸ್ತು ತಾನಾಗಿ ಎಲ್ಲಿಗೆ ಹೋಗುತ್ತದೆ, ಅಲ್ವಾ?

ಹೋಗುತ್ತದೆ. ಜರಡಿ ಆಡಿಸುವಾಗ ನೋಡಿ. ಹಗುರದ ಹೊಟ್ಟು ಮಾತ್ರ ಅಲ್ಲ, ಕಲ್ಲೂ ಜರುಗುತ್ತದೆ. ನಡುಗುವ ಜಾಗದ ಮೇಲೆ ಭಾರ ಒಂದೇ ಯಾವುದನ್ನೂ ಹಿಡಿದಿಡುವುದಿಲ್ಲ. ಪ್ರತಿ ಅದುರಿಗೂ ಕಾಲಿನ ಹಿಡಿತ ಒಂದು ಕ್ಷಣ ಸಡಿಲವಾಗುತ್ತದೆ. ಆ ಕ್ಷಣದಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಾಕು. ಎರಡು ತಿಂಗಳು ಎಂದರೆ ಅಂಥ ಎಷ್ಟೋ ಸಾವಿರ ಕ್ಷಣಗಳು.

ಕೆಳಗಿನ ಮಷಿನ್ ಒಳಗೆ ಏನು ನಡೆಯುತ್ತದೆ ಅಂತ ಅರ್ಥವಾದ ಮೇಲೆ ನನಗೆ ಅದರ ಮೇಲೆ ಬೇರೆಯೇ ಗೌರವ ಬಂತು. ಡ್ರಮ್ ಸುಮಾರು 48 ಸೆಂ.ಮೀ. ಅಗಲ ಇದೆ ಅಂದುಕೊಳ್ಳಿ. ನಿಮಿಷಕ್ಕೆ 1200 ಸುತ್ತು ತಿರುಗಿದರೆ, ಅದರ ಗೋಡೆಗೆ ಅಂಟಿದ ಬಟ್ಟೆ ತನ್ನ ತೂಕದ ಸುಮಾರು 380 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. 1400 ಸುತ್ತಿಗೆ ಅದು 500 ಪಟ್ಟು ದಾಟುತ್ತದೆ. ಬಟ್ಟೆ ಸುತ್ತಲೂ ಸಮನಾಗಿ ಹರಡಿದ್ದರೆ ಒಂದು ಕಡೆಯ ಒತ್ತು ಇನ್ನೊಂದು ಕಡೆಯದನ್ನು ಸರಿದೂಗಿಸುತ್ತದೆ. ಒಂದೇ ಕಾಲೊರಸು ಇದ್ದರೆ? ನೀರು ಕುಡಿದ ಮುದ್ದೆ ಒಂದೇ ಕಡೆ ಅಂಟಿ ಕೂರುತ್ತದೆ. ಎದುರು ಕಡೆ ಏನೂ ಇಲ್ಲ. ಅದಕ್ಕೇ ಡ್ರಮ್ಮಿರುವ ತೊಟ್ಟಿಯನ್ನು ಮೇಲಿಂದ ಸ್ಪ್ರಿಂಗಿನಲ್ಲಿ ತೂಗುಹಾಕಿ, ಕೆಳಗೆ ಬೈಕಿನ ಶಾಕ್ ಅಬ್ಸಾರ್ಬರ್‌ನಂಥದ್ದನ್ನು ಕೊಟ್ಟಿರುತ್ತಾರೆ. ಹಲವು ಮಷಿನ್‌ಗಳಲ್ಲಿ ತೊಟ್ಟಿಗೆ ಕಾಂಕ್ರೀಟ್ ಗಟ್ಟಿಗಳನ್ನೇ ಬಿಗಿದಿರುತ್ತಾರೆ, ಅದುರು ಕಡಿಮೆಯಾಗಲಿ ಅಂತ. ಫ್ರಂಟ್ ಲೋಡ್ ಮಷಿನ್ 60, 70 ಕೆ.ಜಿ. ತೂಗುವುದಕ್ಕೆ ಅದೂ ಒಂದು ಕಾರಣ. ಹೆಚ್ಚಿನ ಅದುರನ್ನು ಇವೇ ನುಂಗಿಕೊಳ್ಳುತ್ತವೆ. ಉಳಿದದ್ದು ಹೊರಗಿನ ಡಬ್ಬಕ್ಕೆ ಬರುತ್ತದೆ. ಅಲ್ಲಿಂದ ಅದರ ಮೇಲೆ ಏನು ಇಟ್ಟಿರುತ್ತೀರೋ ಅದಕ್ಕೆ.

ಇನ್ನೊಂದು ವಿಷಯ. ಅತಿ ಜೋರಾಗಿ ತಿರುಗುವಾಗಲೇ ಅತಿ ಜಾಸ್ತಿ ಅದುರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಸ್ಪಿನ್ ಶುರುವಾಗಿ ವೇಗ ಏರುವಾಗ ನಡುವೆ ಒಂದು ಹಂತ ಬರುತ್ತದೆ. ಸ್ಪ್ರಿಂಗಿನ ಸ್ವಂತ ತೂಗಾಟ, ಡ್ರಮ್ಮಿನ ಸುತ್ತು ಎರಡೂ ತಾಳ ಕೂಡಿಸುವ ಹಂತ. ಆಗ ತೊಟ್ಟಿ ದೊಡ್ಡದಾಗಿ ಓಲಾಡುತ್ತದೆ. ಅದು ದಾಟಿದರೆ ಮತ್ತೆ ನುಣ್ಣಗೆ ತಿರುಗುತ್ತದೆ. ನಿಂತು ನೋಡಬೇಕಾದ್ದು ಆ ಅರ್ಧ ನಿಮಿಷವನ್ನು.

ಇಷ್ಟು ತಿಳಿದ ಮೇಲೆ ಯಾವುದು ಕೆಳಗೆ, ಯಾವುದು ಮೇಲೆ ಎಂಬ ಪ್ರಶ್ನೆ ಉಳಿಯುವುದಿಲ್ಲ. ನಡುಗುವುದು, ನೀರು ತುಂಬುವುದು, ಭಾರ ಇರುವುದು ಕೆಳಗೆ. ಡ್ರೈಯರ್‌ನ ಡ್ರಮ್ ನಿಮಿಷಕ್ಕೆ ಐವತ್ತು ಸುತ್ತಿನ ಆಸುಪಾಸು ನಿಧಾನವಾಗಿ ಉರುಳುತ್ತದೆ, ಅದು ಮೇಲೆ. ಎಷ್ಟೇ ಜಾಗದ ತೊಂದರೆ ಇದ್ದರೂ ಇದನ್ನು ತಿರುಗುಮುರುಗು ಮಾಡಬಾರದು. ಟಾಪ್ ಲೋಡ್ ಮಷಿನ್ ಇದ್ದರೆ ಮುಚ್ಚಳವೇ ಮೇಲಕ್ಕೆ ತೆರೆಯುವುದರಿಂದ ಅದರ ಮೇಲೆ ಏನನ್ನೂ ಇಡಲಾಗದು. ಅಂಥವರು ಡ್ರೈಯರನ್ನು ಹೊರಲು ಗೋಡೆಗೆ ಬಿಗಿದ ಬೇರೆ ಸ್ಟ್ಯಾಂಡನ್ನೇ ನೋಡಬೇಕು.

ನಡುವೆ ಇರಬೇಕಾದ್ದು ಸ್ಟ್ಯಾಕಿಂಗ್ ಕಿಟ್. ಹೆಸರು ದೊಡ್ಡದು, ವಸ್ತು ಚಿಕ್ಕದು. ಲೋಹದ ಪಟ್ಟಿ, ಬ್ರಾಕೆಟ್ಟು, ಒಂದಿಷ್ಟು ತಿರುಪುಗಳು. ಅದು ಡ್ರೈಯರ್‌ನ ಕಾಲುಗಳನ್ನು ಗೂಡಿನಲ್ಲಿ ಹಿಡಿದು, ಕೆಳಗಿನ ಮಷಿನ್ನಿನ ಮೈಗೆ ತಿರುಪಿನಿಂದ ಬಿಗಿಯುತ್ತದೆ. ಆಮೇಲೆ ಎರಡೂ ಸೇರಿ ಒಂದೇ ವಸ್ತು. ನಡುಗಿದರೆ ಒಟ್ಟಿಗೆ ನಡುಗುತ್ತವೆ. ಇಡುವುದಕ್ಕೂ ಕೂರಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ನಮ್ಮ ಮನೆಯಲ್ಲಿ ಡ್ರೈಯರನ್ನು ಇಟ್ಟಿದ್ದರು, ಕೂರಿಸಿರಲಿಲ್ಲ.

ಕಿಟ್ ತರುವ ಮುಂಚೆ ನೋಡಬೇಕಾದ್ದು ಮಷಿನ್ನಿನ ಮಾಡೆಲ್ ನಂಬರ್. ತಯಾರಿಸಿದವರು ಯಾವ ವಾಷರ್ ಮೇಲೆ ಯಾವ ಡ್ರೈಯರ್ ಕೂರಿಸಬಹುದು, ಅದಕ್ಕೆ ಯಾವ ಕಿಟ್ ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಎರಡೂ ಒಂದೇ ಕಂಪನಿಯವಾದರೆ ಈ ಕೆಲಸ ಸಲೀಸು. ಬೇರೆ ಬೇರೆ ಕಂಪನಿಯವಕ್ಕೆ ಸುತ್ತಲೂ ಬೆಲ್ಟ್ ಹಾಕಿ ಬಿಗಿಯುವ ಕಿಟ್‌ಗಳೂ ಸಿಗುತ್ತವೆ. ಆದರೆ ಅಳತೆ ಹೊಂದಬೇಕು. ಮಷಿನ್‌ಗಳು ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ ಇರುತ್ತವೆ. ಆಳ ಮಾತ್ರ ಒಂದೊಂದರದು ಒಂದೊಂದು ಥರ. ಎಡವುವುದು ಅಲ್ಲೇ. ತೆಳು ವಾಷರ್ 45 ಸೆಂ.ಮೀ. ಆಳ ಇದ್ದು ಡ್ರೈಯರ್ 60 ಇದ್ದರೆ, ಮೇಲಿನದಕ್ಕೆ ಕಾಲೂರಲು ಜಾಗವೇ ಇರುವುದಿಲ್ಲ. ನಾಲ್ಕೂ ಕಾಲು ಪೂರ್ತಿ ಕೂರದಿದ್ದರೆ ಯಾವ ಕಿಟ್ಟೂ ಬೇಡ, ಆ ಜೋಡಿಯೇ ಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

ನಾವು ಎರಡನೇ ಸಲ ಕೂರಿಸುವಾಗ ಒಂದು ಇಡೀ ಭಾನುವಾರ ಹಿಡಿಯಿತು. ಅದರಲ್ಲಿ ಮುಕ್ಕಾಲು ಪಾಲು ಹೋಗಿದ್ದು ಕೆಳಗಿನ ಮಷಿನ್ನಿನ ಕಾಲುಗಳಿಗೆ. ಅವಸರ ಮಾಡುವವರಿಗೆ ಇದು ಬೇಸರದ ಕೆಲಸ. ನನಗೆ ಮಾತ್ರ ಅದೇ ಎಲ್ಲಕ್ಕಿಂತ ಇಷ್ಟವಾದ ಭಾಗ.

ಲೆಕ್ಕ ಹೀಗಿದೆ. ಬುಡದಲ್ಲಿ 60 ಸೆಂ.ಮೀ. ಅಗಲಕ್ಕೆ 5 ಮಿ.ಮೀ. ಓರೆ ಇದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಅದೇ ಓರೆ 170 ಸೆಂ.ಮೀ. ಎತ್ತರಕ್ಕೆ ಹೋಗುವಷ್ಟರಲ್ಲಿ 14 ಮಿ.ಮೀ. ಆಗುತ್ತದೆ. ಒಂದೇ ಮಷಿನ್ ಇದ್ದಾಗ ನಡೆಯುತ್ತಿದ್ದ ಸಣ್ಣ ತಪ್ಪು ಗೋಪುರ ಕಟ್ಟಿದಾಗ ನಡೆಯುವುದಿಲ್ಲ. ರಸಮಟ್ಟವನ್ನು ಮಷಿನ್ ಮೇಲೆ ಮೊದಲು ಅಡ್ಡಕ್ಕೆ ಇಟ್ಟೆವು, ಆಮೇಲೆ ಉದ್ದಕ್ಕೆ. ಗುಳ್ಳೆ ನಡುವಿಗೆ ಬರುವವರೆಗೂ ಕಾಲುಗಳನ್ನು ತಿರುಗಿಸಿದೆವು. ಕಾಲುಗಳನ್ನು ಆದಷ್ಟು ಒಳಗೇ ಇಟ್ಟುಕೊಳ್ಳಬೇಕು. ಉದ್ದ ಹೊರಬಂದ ಕಾಲು ಜಾಸ್ತಿ ಓಲಾಡುತ್ತದೆ. ಆಮೇಲೆ ಎದುರುಬದುರು ಮೂಲೆಗಳನ್ನು ಒತ್ತಿ ನೋಡಿದೆವು. ಮುಂದಿನ ಎಡ, ಹಿಂದಿನ ಬಲ. ಮುಂದಿನ ಬಲ, ಹಿಂದಿನ ಎಡ. ಟಕ್ ಅಂತ ಒಂದು ಸದ್ದು ಬಂದರೂ ಒಂದು ಕಾಲು ಗಾಳಿಯಲ್ಲಿದೆ ಅಂತ ಅರ್ಥ. ಎಲ್ಲ ಸರಿಯಾದ ಮೇಲೆ ಪ್ರತಿ ಕಾಲಿನ ಮೇಲಿರುವ ಚಿಕ್ಕ ನಟ್ಟನ್ನು ಡಬ್ಬದ ತಳಕ್ಕೆ ಸ್ಪ್ಯಾನರಿನಿಂದ ಬಿಗಿಯಬೇಕು. ಅದನ್ನು ಬಿಗಿಯದೆ ಬಿಟ್ಟರೆ ಅದುರಿಗೆ ಕಾಲು ತಾನಾಗಿ ತಿರುಗಿ ಮಟ್ಟ ತಪ್ಪುತ್ತದೆ. ನಮ್ಮ ಮೊದಲ ಸಲದ ನಾಲ್ಕು ನಟ್ಟೂ ಸಡಿಲವಾಗಿಯೇ ಇದ್ದವು.

ಇದನ್ನೆಲ್ಲ ಡ್ರೈಯರ್ ಏರಿಸುವ ಮುಂಚೆಯೇ ಮಾಡಬೇಕು. ಏರಿಸಿದ ಮೇಲೆ ಹಿಂದಿನ ಕಾಲುಗಳಿಗೆ ಕೈ ಹೋಗುವುದಿಲ್ಲ. ನಾವು ಮೊದಲು ಖಾಲಿ ಮಷಿನ್ ಸ್ಪಿನ್ ಮಾಡಿ ನೋಡಿದೆವು. ಆಮೇಲೆ ಬಟ್ಟೆ ಹಾಕಿ ಒಂದು ಸಲ. ಮತ್ತೆ ರಸಮಟ್ಟ ಇಟ್ಟರೆ ಗುಳ್ಳೆ ಸ್ವಲ್ಪ ಸರಿದಿತ್ತು. ಮತ್ತೆ ಸರಿ ಮಾಡಿದೆವು. ನೆಲ ಗಟ್ಟಿ ಇದ್ದರೆ ಇಷ್ಟು ಸಾಕು. ಮರದ ಹಲಗೆಯ ನೆಲವಾದರೆ ನೆಲವೇ ಚಿಮ್ಮುತ್ತದೆ. ಅಲ್ಲಿ ಮೊದಲು ನೆಲವನ್ನು ಬಲಪಡಿಸಬೇಕು, ಗೋಡೆಗೂ ಒಂದು ಬಿಗಿತ ಕೊಡಬೇಕು. ಕಾರ್ಪೆಟ್ ಮೇಲೆ, ಮೆತ್ತನೆಯ ಹಾಸಿನ ಮೇಲೆ ಇಂಥ ಗೋಪುರ ನಿಲ್ಲಿಸಬಾರದು. ಮೆತ್ತಗಿದ್ದರೆ ಸದ್ದು ಕಡಿಮೆಯಾಗಬಹುದು, ಓಲಾಟ ಜಾಸ್ತಿಯಾಗುತ್ತದೆ.

ಹೊಸ ವಾಷರ್ ಆದರೆ ಇನ್ನೊಂದು ನೆನಪಿರಲಿ. ಸಾಗಿಸುವಾಗ ತೊಟ್ಟಿ ಒದ್ದಾಡದಿರಲಿ ಅಂತ ಹಿಂದುಗಡೆ ಉದ್ದನೆಯ ಬೋಲ್ಟ್‌ಗಳನ್ನು ಹಾಕಿರುತ್ತಾರೆ. ಅವನ್ನು ತೆಗೆಯದೆ ಓಡಿಸಿದರೆ ಸ್ಪ್ರಿಂಗ್ ಕೆಲಸವೇ ಮಾಡುವುದಿಲ್ಲ, ಮಷಿನ್ ಕುಣಿದಾಡುತ್ತದೆ. ತೆಗೆದ ಮೇಲೆ ಎಸೆಯಬೇಡಿ. ಮನೆ ಬದಲಿಸುವಾಗ ಅವೇ ಬೇಕು. ನಾನು ಒಂದು ಬಟ್ಟೆ ಚೀಲದಲ್ಲಿ ಹಾಕಿ, ಹೆಸರು ಬರೆದು, ಮಷಿನ್ ಪಕ್ಕದ ಮೊಳೆಗೇ ತೂಗುಹಾಕಿದ್ದೇನೆ.

ಡ್ರೈಯರ್ ಎತ್ತಲು ಇಬ್ಬರು ಬೇಕು, ಮೂವರಿದ್ದರೆ ಒಳ್ಳೆಯದು. ಹಿಡಿಯಬೇಕಾದ್ದು ತಳವನ್ನು. ಬಾಗಿಲನ್ನೋ ಮೇಲಿನ ಮುಚ್ಚಳವನ್ನೋ ಹಿಡಿದರೆ ಅದು ಕಿತ್ತು ಬರುತ್ತದೆ. ನಮ್ಮದು ಹೀಟ್ ಪಂಪ್ ಡ್ರೈಯರ್. ಅದರೊಳಗೆ ಫ್ರಿಜ್ಜಿನಲ್ಲಿ ಇರುವಂಥ ಕಂಪ್ರೆಸರ್ ಇದೆ. ಹಾಗಾಗಿ ಮಲಗಿಸದೆ ನೆಟ್ಟಗೆ ಇಟ್ಟುಕೊಂಡೇ ಸಾಗಿಸಬೇಕು. ಏರಿಸಿದ ಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಗಂಟೆ ಸುಮ್ನೆ ಬಿಟ್ಟು ಆಮೇಲೆ ಆನ್ ಮಾಡಬೇಕು.

ನೀರಿನ ನಲ್ಲಿ, ಕರೆಂಟಿನ ಪ್ಲಗ್ ಎರಡೂ ಮಷಿನ್ ಹಿಂದೆ ಹುದುಗಬಾರದು. ಗೋಪುರ ಎದ್ದ ಮೇಲೆ ಅದನ್ನು ಎಳೆದು ಹಿಂದಕ್ಕೆ ಕೈ ಹಾಕುವುದು ಆಗದ ಮಾತು. ಹೋಸ್ ಒಡೆದು ನೀರು ಚಿಮ್ಮುವಾಗ ನಲ್ಲಿ ಕೈಗೆ ಸಿಗದಿದ್ದರೆ ಏನು ಮಾಡುತ್ತೀರಿ? ನಮ್ಮ ನಲ್ಲಿ ಹಿಂದೆಯೇ ಇತ್ತು. ಪ್ಲಂಬರ್ ಕರೆಸಿ ಪಕ್ಕದ ಗೋಡೆಗೆ ತರಿಸಿದೆವು. ಹಳೆಯ ರಬ್ಬರ್ ಹೋಸನ್ನೂ ಅವತ್ತೇ ಬದಲಿಸಿದೆವು. ಎರಡು ಮಷಿನ್‌ಗೂ ಬೇರೆ ಬೇರೆ ಸಾಕೆಟ್ ಇರಲಿ. ವಾಷರ್ ನೀರು ಕಾಯಿಸುವಾಗ ಸುಮಾರು 2000 ವ್ಯಾಟ್ ಎಳೆಯುತ್ತದೆ. ಹೀಟರ್ ಇರುವ ಡ್ರೈಯರ್ ಕೂಡ ಅಷ್ಟು, ಅದಕ್ಕಿಂತ ಜಾಸ್ತಿಯೂ ಎಳೆಯಬಹುದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರು ಕಾದು ಕರಗಬಹುದು.

ಬೆಂಕಿಯ ಮಾತು ಬಂದಾಗ ಅವಸರ ಮಾಡಲಾರೆ. ಬಟ್ಟೆ ಒಣಗುವಾಗ ಅದರಿಂದ ಹತ್ತಿಯಂಥ ನುಣ್ಣನೆಯ ಧೂಳು ಉದುರುತ್ತದೆ. ಬಾಗಿಲ ಬಾಯಲ್ಲಿರುವ ಬಲೆಯಂಥ ಜಾಳಿಗೆಗೆ ಅದು ಮೆತ್ತಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ನೋಡಿ, ಎಷ್ಟು ಹಗುರ, ಎಷ್ಟು ಒಣ. ದೀಪದ ಬತ್ತಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಲೆಕ್ಕ ನೋಡಿ, ಅಲ್ಲಿನ ಮನೆಗಳಲ್ಲಿ ಡ್ರೈಯರ್‌ನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅನಾಹುತ ಆಗುತ್ತವೆ ಎಂದು ಅಂದಾಜು ಮಾಡಿತ್ತು. ಮುಖ್ಯ ಕಾರಣ ಮಷಿನ್ ಕೆಟ್ಟದ್ದಲ್ಲ, ಶುಚಿ ಮಾಡದೆ ಬಿಟ್ಟದ್ದು. ಜಾಳಿಗೆಯನ್ನು ಪ್ರತಿ ಸಲವೂ ತೆಗೆದು ಒರೆಸಬೇಕು. ವಾರಕ್ಕೊಮ್ಮೆ ಅಲ್ಲ, ಪ್ರತಿ ಸಲ. ಬಿಸಿ ಗಾಳಿಯನ್ನು ಕೊಳವೆಯಲ್ಲಿ ಹೊರಗೆ ಬಿಡುವ ಡ್ರೈಯರ್ ಇದ್ದರೆ ಆ ಕೊಳವೆ ಲೋಹದ್ದಿರಲಿ, ಗಿಡ್ಡಗಿರಲಿ, ಆದಷ್ಟು ನೆಟ್ಟಗಿರಲಿ. ಮೇಲೆ ಏರಿಸಿದಾಗ ಕೊಳವೆ ಹಿಂದೆ ಮಡಚಿಕೊಂಡು ಧೂಳು ಕಟ್ಟುವುದು ಸುಲಭ. ಹೊರಗೆ ಗಾಳಿ ಬಿಡದ ಹೀಟ್ ಪಂಪ್ ಆದರೂ ಉಸಿರಾಡಲು ಜಾಗ ಬೇಕು. ಮೂಲೆಗೆ ಗಾಳಿಯಾಡದ ಬಾಗಿಲು ಮುಚ್ಚಿ ಓಡಿಸಬಾರದು. ಎಣ್ಣೆ, ಥಿನ್ನರ್ ಒರೆಸಿದ ಬಟ್ಟೆಯನ್ನಂತೂ ಒಗೆದ ಮೇಲೂ ಡ್ರೈಯರಿಗೆ ಹಾಕಲೇಬಾರದು. ಬಟ್ಟೆಯಲ್ಲಿ ಉಳಿದ ಎಣ್ಣೆ ತಾನಾಗಿ ಕಾಯುತ್ತಾ ಹೋಗಿ ಹೊತ್ತಿಕೊಳ್ಳಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಡ್ರೈಯರ್ ಓಡುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನನ್ನ ಅಮ್ಮ ಬಂದು ಮಷಿನ್ ಮುಂದೆ ನಿಂತರು. ಅಮ್ಮನ ಎತ್ತರ 148 ಸೆಂ.ಮೀ. ಡ್ರೈಯರಿನ ಗುಂಡಿಗಳು ನೆಲದಿಂದ 160 ಸೆಂ.ಮೀ. ಮೇಲಿದ್ದವು. "ಕೈ ಎಟುಕುತ್ತೆ ಕಣೇ, ಆದ್ರೆ ಏನು ಬರೆದಿದೆ ಅಂತ ಕಾಣಲ್ಲ" ಅಂದರು. ಅವರು ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ ನನಗೆ ಸಂಕಟವಾಯಿತು. ಹಗಲಲ್ಲಿ ಬಟ್ಟೆ ಒಗೆಯುವವರು ಅವರು. ಅಳತೆಪಟ್ಟಿ ಹಿಡಿದು ಗೋಡೆ ಅಳೆದಿದ್ದೆ, ಮಷಿನ್ ಅಳೆದಿದ್ದೆ. ಅಮ್ಮನ ಕಣ್ಣು ಎಲ್ಲಿಗೆ ಬರುತ್ತದೆ ಅಂತ ಅಳೆದಿರಲಿಲ್ಲ.

ಮರುದಿನ ನೋಡಿದರೆ ಅಲ್ಲೊಂದು ಸ್ಟೂಲ್ ಇತ್ತು. ನೀರು ಚೆಲ್ಲುವ ಜಾಗದಲ್ಲಿ, ಅರವತ್ತೆಂಟು ವರ್ಷದವರು, ಒದ್ದೆ ಬಟ್ಟೆ ಹಿಡಿದು ಸ್ಟೂಲ್ ಹತ್ತುವುದು. ಅದನ್ನು ಆ ಹೊತ್ತೇ ಎತ್ತಿಟ್ಟೆ. ನಮ್ಮ ಡ್ರೈಯರ್ ಹಿಂದಿನ ಸಲ ಆರಿಸಿದ ಪ್ರೋಗ್ರಾಮನ್ನು ನೆನಪಿಟ್ಟುಕೊಳ್ಳುತ್ತದೆ. ದಿನದ ಬಟ್ಟೆಗೆ ಬೇಕಾದ್ದನ್ನು ನಾನೇ ಹಾಕಿಟ್ಟು, ಶುರು ಮಾಡುವ ಗುಂಡಿಯ ಮೇಲೆ ಉಬ್ಬಿದ ಒಂದು ಚುಕ್ಕೆ ಅಂಟಿಸಿದೆ. ಈಗ ಅಮ್ಮ ನೋಡದೆ ಬೆರಳಾಡಿಸಿ ಒತ್ತುತ್ತಾರೆ. ಹೊಸದಾಗಿ ಕೊಳ್ಳುವವರಿಗೆ, ಎರಡರ ಗುಂಡಿಗಳೂ ನಡುವಿನಲ್ಲೇ ಇರುವ ಎಲ್‌ಜಿ ವಾಷ್‌ಟವರ್ ಥರದ ಜೋಡಿಗಳಿವೆ. ಮನೆಯಲ್ಲಿ ಕುಳ್ಳಗಿರುವವರು ಇದ್ದರೆ ಅದನ್ನೊಮ್ಮೆ ನೋಡಿ.

ನೀರಿನ ಡಬ್ಬಿಯೂ ಅಷ್ಟೇ. ಬಟ್ಟೆಯಿಂದ ಹಿಂಡಿದ ಹಬೆ ನೀರಾಗಿ ಡ್ರೈಯರಿನ ಮೇಲ್ತುದಿಯ ಡಬ್ಬಿಯಲ್ಲಿ ತುಂಬುತ್ತದೆ. ನೆಲದ ಮೇಲಿದ್ದಾಗ ಅದು ಸೊಂಟದ ಎತ್ತರದಲ್ಲಿ ಇತ್ತು. ಈಗ ತಲೆಯ ಮೇಲೆ. ತುಂಬಿದ ಡಬ್ಬಿ ನಾಲ್ಕೈದು ಕೆ.ಜಿ. ಇರುತ್ತದೆ. ಎಳೆದರೆ ಮುಖಕ್ಕೇ ನೀರು. ಹಿಂದೆ ಒಂದು ಸಣ್ಣ ಹೋಸ್ ಸಿಕ್ಕಿಸಿ ವಾಷರಿನ ನೀರು ಹೋಗುವ ಕೊಳವೆಗೇ ಬಿಡಬಹುದು ಅಂತ ಕೈಪಿಡಿಯಲ್ಲಿ ಇತ್ತು. ಗೋಡೆಗೆ ತಳ್ಳುವ ಮುಂಚೆಯೇ ಅದನ್ನು ಮಾಡಿದ್ದೆವು, ಸದ್ಯ.

ಒಳ್ಳೆಯದೂ ಒಂದಿದೆ. ಡ್ರೈಯರಿನ ಬಾಗಿಲು ಈಗ ಅಮ್ಮನ ಎದೆಯ ಎತ್ತರಕ್ಕೆ ಬಂದಿದೆ. ಒಣಗಿದ ಬಟ್ಟೆ ತೆಗೆಯಲು ಅವರು ಬಗ್ಗಬೇಕಿಲ್ಲ. ಜಾಳಿಗೆಯೂ ಕಣ್ಣೆದುರೇ ಇದೆ. ಪ್ರತಿ ಸಲ ತೆಗೆದು, ಆ ಹತ್ತಿಯ ಹಾಳೆಯನ್ನು ಸುರುಳಿ ಸುತ್ತಿ, ಕಸದ ಡಬ್ಬಿಗೆ ಹಾಕುತ್ತಾರೆ. ನಾನು ಒಂದು ಸಲ ಮರೆತರೂ ಅವರು ಮರೆತದ್ದಿಲ್ಲ.

ಮಗಳಿಗೆ ಎರಡು ನಿಯಮ ಹೇಳಿಕೊಟ್ಟಿದ್ದೇವೆ. ತೆರೆದ ಬಾಗಿಲಿಗೆ ಜೋತುಬೀಳಬಾರದು. ನೋಡಬೇಕಾದರೆ ಎದುರಿನ ಗೋಡೆಗೆ ಒರಗಿ ಕೂತು ನೋಡಬೇಕು. ಮಷಿನ್ ಶುರು ಮಾಡುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ ನೋಡುವುದು ನಮ್ಮ ಪಾಲಿನ ನಿಯಮ. ಚಿಕ್ಕ ಮಕ್ಕಳಿಗೆ, ಬೆಕ್ಕಿಗೆ ಅದು ಅವಿತುಕೊಳ್ಳುವ ಗೂಡಿನಂತೆ ಕಾಣುತ್ತದೆ. ಚೈಲ್ಡ್ ಲಾಕ್ ಇದ್ದರೂ ಕೈಯಾಡಿಸುವುದನ್ನು ಬಿಟ್ಟಿಲ್ಲ.

ಕೂರಿಸಿದ ದಿನವೇ ಪಕ್ಕದ ಗೋಡೆಯ ಮೇಲೆ, ಡ್ರೈಯರಿನ ಮುಂದಿನ ಅಂಚಿಗೆ ಸರಿಯಾಗಿ, ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೆ. ಕೆಳಗಿನ ಮಷಿನ್ನಿಗೂ ಒಂದು. ತಿಂಗಳ ಮೊದಲ ಭಾನುವಾರ ಗೆರೆ ನೋಡುತ್ತೇನೆ, ತಿರುಪುಗಳನ್ನು ಒಮ್ಮೆ ಬಿಗಿಯುತ್ತೇನೆ, ರಸಮಟ್ಟ ಇಡುತ್ತೇನೆ. ಮಗಳಿಗೆ ಈಗ ಏಳು. ಗೆರೆ ನೋಡುವ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಾಳೆ.

ಮೊನ್ನೆ ಅದೇ ಕಾಲೊರಸು ಕೊಳೆಯಾಗಿತ್ತು. ಈ ಸಲ ಜೊತೆಗೆ ಎರಡು ದೊಡ್ಡ ಟವೆಲ್ ಹಾಕಿದೆ. ಸ್ಪಿನ್ ಹೊತ್ತಿಗೆ ಕೆಲಸ ಬಿಟ್ಟು ಹೋಗಿ ನಿಂತೆ. ಮಗಳು ಎದುರಿನ ಗೋಡೆಗೆ ಒರಗಿ ಕೂತಿದ್ದಳು. ಡ್ರಮ್ ಒಂದೆರಡು ಸಲ ನಿಧಾನವಾಗಿ ಹೊರಳಿ ಬಟ್ಟೆ ಹರಡಿಕೊಂಡಿತು. ಆಮೇಲೆ ವೇಗ ಏರಿತು. ಆ ಅರ್ಧ ನಿಮಿಷ ಬಂತು. ಎರಡೂ ಮಷಿನ್ ಒಟ್ಟಿಗೆ ಒಮ್ಮೆ ಗುಂಯ್ ಅಂದು, ಒಟ್ಟಿಗೇ ಸುಮ್ಮನಾದವು.

"ಗೆರೆ ಅಲ್ಲೇ ಇದೆ ಅಮ್ಮಾ" ಅಂದಳು.